ಅಪ್ಪಯ್ಯನ ಹಾಸಿಗೆಯಡಿಯ ಚಾಪೆ, ಒಣಗದ ಅಂಗಿ

ಪುನರ್ವಸು ಮಳೆ ಹಿಡಿದ ಮೇಲೆ ಒಗೆದ ಬಟ್ಟೆ ಒಣಗುವುದಿಲ್ಲ ಎಂಬುದನ್ನು ಹುಟ್ಟಿದಾಗಿನಿಂದ ನೋಡಿಕೊಂಡು ಬಂದಿದ್ದೇನೆ. ಹೀಗಿದ್ದೂ ಹೃದಯದ ಬಡಿತವನ್ನು ಅಳೆಯುವ ಬೆಳ್ಳಿ ಎಳೆಯ ಅಂಗಿಯನ್ನು ಕೊಳ್ಳುವಾಗ ಆ ಮಾತು ನೆನಪಿಗೆ ಬರಲಿಲ್ಲ. ಹೃದಯದ ತೊಂದರೆಯಿಂದ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ ಅಪ್ಪಯ್ಯನ ಉಸಿರು ಮತ್ತು ನಾಡಿಯ ಮೇಲೆ ರಾತ್ರಿ ಹೊತ್ತು ಗಮನವಿರಲಿ ಎಂದು ವೈದ್ಯರು ಹೇಳಿದ್ದರು. ನಮ್ಮ ಮನೆಯಿರುವುದು ತೀರ್ಥಹಳ್ಳಿ ದಾಟಿ ಆಗುಂಬೆಯ ಕಡೆಗೆ. ಮಳೆಗಾಲದಲ್ಲಿ ಅಲ್ಲಿಂದ ಶಿವಮೊಗ್ಗ ಮುಟ್ಟಲು ಎರಡು ಗಂಟೆಯಾದರೂ ಬೇಕು. ಆದ್ದರಿಂದ ಮೊದಲು ಅಂಗಿಯನ್ನೂ ಅದು ಕೈಕೊಟ್ಟ ಮೇಲೆ ಹಾಸಿಗೆಯಡಿ ಹಾಸುವ ಆಪ್ಟಿಕಲ್ ಫೈಬರ್ (ಬೆಳಕು ಹರಿಯುವ ಎಳೆ) ಚಾಪೆಯನ್ನೂ ತರಿಸಿ, ಎರಡನ್ನೂ ಒಂದೇ ಮಳೆಗಾಲದಲ್ಲಿ ಬಳಸಿ ನೋಡಿದೆ. ನಮ್ಮ ಮನೆಗೆ ಒಗ್ಗಿದ್ದು ಚಾಪೆ.

ಅಂಗಿಯ ಎದೆಯ ಭಾಗದಲ್ಲಿ ಬೆಳ್ಳಿ ಲೇಪಿಸಿದ ನೂಲಿನ ಪಟ್ಟಿಗಳಿವೆ. ಅವು ಚರ್ಮಕ್ಕೆ ತಾಗಿ ಹೃದಯದ ವಿದ್ಯುತ್ ಸಂಜ್ಞೆಯನ್ನು ಹಿಡಿಯುತ್ತವೆ. ಇಸಿಜಿಯ ಗೆರೆಯೇ ಫೋನಿನಲ್ಲಿ ಮೂಡುವುದರಿಂದ, ಸಿಗುವ ಮಾಹಿತಿಯಲ್ಲಿ ಅಂಗಿಯದೇ ಮೇಲುಗೈ; ಇದನ್ನು ಒಪ್ಪಲೇಬೇಕು.

ತೊಡಕು ಶುರುವಾದದ್ದು ಒಗೆಯುವಾಗ. ಮೈಗಂಟಿ ಕೂರುವ ಬಟ್ಟೆಯಾದ್ದರಿಂದ ಎರಡು ರಾತ್ರಿಗೊಮ್ಮೆಯಾದರೂ ಒಗೆಯದೆ ವಿಧಿಯಿಲ್ಲ. ಆದರೆ ಹಿಂಡಬಾರದು, ಇಸ್ತ್ರಿ ಹಾಕಬಾರದು, ಬೆಂಕಿಯ ಹತ್ತಿರ ಒಣಗಿಸಬಾರದು ಎಂದು ಅದರ ಕೈಪಿಡಿಯಲ್ಲಿ ಬರೆದಿದೆ. ಹಿಂಡದೆ ನೀರಿಳಿಯಲು ಬಿಟ್ಟ ಅಂಗಿ ಜಗಲಿಯ ತಂತಿಯ ಮೇಲೆ ಮೂರು ದಿನ ತೂಗಾಡಿದರೂ ಕಂಕುಳ ಬಳಿಯ ಹೊಲಿಗೆ ಹಸಿಯಾಗಿಯೇ ಇರುತ್ತಿತ್ತು. ಆ ಮೂರು ದಿನ ಅಪ್ಪಯ್ಯನ ಹೃದಯದ ಲೆಕ್ಕವಿಲ್ಲ. ಇನ್ನೊಂದು ಅಂಗಿ ಕೊಂಡರೆ ಚಾಪೆಯ ಬೆಲೆಯನ್ನೂ ಮೀರುತ್ತಿತ್ತು.

ಕೊನೆಗೆ ನಾವೂ ಎಲ್ಲರಂತೆ ಅದನ್ನು ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿದೆವು. ಬಟ್ಟೆ ಒಣಗಿತು, ಆದರೆ ಹೊಗೆಯ ವಾಸನೆ ಹತ್ತಿತು. ಪಟ್ಟಿಯ ಅಂಚಿನ ರಬ್ಬರಿನಂಥ ಲೇಪ ಸೆಟೆದು ಬಿರುಕು ಬಿಟ್ಟಿತು. ಅಷ್ಟಾಗಿಯೂ ಅರೆಹಸಿಯಿದ್ದ ಒಂದು ರಾತ್ರಿ ತೊಡಿಸಲು ಹೋದಾಗ ಅಪ್ಪಯ್ಯ, "ಇದನ್ನ ಹಾಕ್ಕೊಂಡು ಮಲಗಿದ್ರೆ ನಂಗೆ ಮೊದ್ಲು ಹಿಡಿಯೋದು ಶೀತ ಮಾರಾಯ" ಎಂದು ಕೈಯೆತ್ತಲೇ ಇಲ್ಲ. ಇದರಲ್ಲಿ ಒಂದು ವಿಪರ್ಯಾಸವೂ ಇದೆ: ಚರ್ಮ ತೀರಾ ಒಣಗಿದ್ದರೆ ಬೆಳ್ಳಿ ನೂಲಿಗೆ ಸಂಜ್ಞೆ ಸರಿಯಾಗಿ ಸಿಗುವುದಿಲ್ಲವಾದ್ದರಿಂದ, ಒಣಗಿಸಲು ಅಷ್ಟು ಪಾಡುಪಟ್ಟ ಅಂಗಿಯ ಪಟ್ಟಿಗಳಿಗೆ ತೊಡಿಸುವ ಮುನ್ನ ಮತ್ತೆ ನೀರು ಸವರಬೇಕು.

ಚಾಪೆ ಮೈಗೆ ತಾಗುವುದೇ ಇಲ್ಲ. ಅದರೊಳಗೆ ಗಾಜಿನ ಎಳೆಯೊಂದು ಬಲೆಯಂಥ ಎರಡು ಪದರಗಳ ನಡುವೆ ಹಾವಿನಂತೆ ಸುತ್ತಿ ಹೋಗಿರುತ್ತದೆ. ಒಂದು ತುದಿಯಿಂದ ಬೆಳಕು ಬಿಟ್ಟು, ಇನ್ನೊಂದು ತುದಿಯಲ್ಲಿ ಎಷ್ಟು ಉಳಿಯಿತೆಂದು ಅಳೆಯುತ್ತಾರೆ. ಉಸಿರೆಳೆದಾಗ ಬೀಳುವ ಒತ್ತಡದಿಂದ ಎಳೆ ಅಲ್ಲಲ್ಲಿ ಸೂಕ್ಷ್ಮವಾಗಿ ಬಾಗಿ, ಆ ಬಾಗಿನಲ್ಲಿ ಬೆಳಕು ಹೊರಗೆ ಸೋರುತ್ತದೆ. ಉಸಿರಿನ ದೊಡ್ಡ ಅಲೆಯ ಮೇಲೆ ಹೃದಯ ಬಡಿದಾಗಲೆಲ್ಲ ಸಣ್ಣ ತೆರೆಯೊಂದು ಏಳುತ್ತದೆ. ಎರಡನ್ನೂ ಬೇರ್ಪಡಿಸುವುದು ಚಾಪೆಗೆ ಜೋಡಿಸಿದ ಡಬ್ಬಿಯ ಕೆಲಸ. ಎಳೆಯಲ್ಲಿ ಓಡುವುದು ಬೆಳಕಾದ್ದರಿಂದ ಅಂಗಿಯ ಗೆರೆಯನ್ನು ಕೆಡಿಸುತ್ತಿದ್ದ ಇನ್ವರ್ಟರಿನ ವಿದ್ಯುತ್ ಗದ್ದಲ ಇದಕ್ಕೆ ತಟ್ಟಲಿಲ್ಲ. ಬಲವಾದ ಅಯಸ್ಕಾಂತವಿರುವ ಎಂಆರ್‌ಐ ಸ್ಕ್ಯಾನಿನ ಕೋಣೆಯೊಳಗೆ ಇಂಥ ಎಳೆಗಳನ್ನು ಬಳಸಲು ಸಾಧ್ಯವಾಗಿರುವುದೂ ಇದೇ ಕಾರಣಕ್ಕೆ.

ಚಾಪೆಗೂ ತನ್ನದೇ ತಕರಾರುಗಳಿವೆ. ಗಂಟುಗಟ್ಟಿದ್ದ ನಮ್ಮ ಹಳೆಯ ಬೂರುಗದ ಹತ್ತಿಯ ಹಾಸಿಗೆಯಡಿ ನಾಡಿ ಆಗಾಗ ತಪ್ಪುತ್ತಿತ್ತು. ಹತ್ತಿ ಹಿಂಜಿಸಿ ತೆಳ್ಳಗೆ ಹೊಲಿಸಿದ ಮೇಲೆ ಸರಿಹೋಯಿತು. ಬೆಕ್ಕು ಬಂದು ಮಲಗಿದರೆ ಲೆಕ್ಕ ಕೆಡುತ್ತದೆ. ಅಪ್ಪಯ್ಯ ಎದ್ದು ಜಗಲಿಗೆ ಬಂದು ಕೂತರೆ ಅದಕ್ಕೆ ಏನೂ ತಿಳಿಯುವುದಿಲ್ಲ. ರಕ್ತದ ಆಮ್ಲಜನಕವನ್ನೂ ಅದು ಹೇಳದು. ಅದಕ್ಕೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೇ ಬೆಳಿಗ್ಗೆ, ಸಂಜೆ ಬಳಸುತ್ತೇವೆ.

ಫೈಬರನ್ನೇ ನೇಯ್ದ ಅಂಗಿ ಯಾಕಾಗಬಾರದು ಎಂದು ತಂಗಿ ಕೇಳಿದಳು. ಆ ಯೋಚನೆ ಹಳೆಯದೇ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ 1996ರ ಸುಮಾರಿಗೆ ರೂಪುಗೊಂಡ ಅಂಗಿಯಲ್ಲಿ, ಸೈನಿಕನಿಗೆ ಗುಂಡು ಎಲ್ಲಿ ಹೊಕ್ಕಿತೆಂದು ತಿಳಿಯಲು ಪ್ಲಾಸ್ಟಿಕ್ ಆಪ್ಟಿಕಲ್ ಫೈಬರ್ ನೇಯ್ದಿದ್ದರು. ಎಳೆಯೊಳಗೇ ಸೂಕ್ಷ್ಮ ಗೆರೆಗಳನ್ನು ಮೂಡಿಸಿದ ಬ್ರ್ಯಾಗ್ ಗ್ರೇಟಿಂಗ್ ಬಗೆಯದು ಇನ್ನೂ ನಿಖರ, ಆದರೆ ಅದನ್ನು ಓದುವ ಯಂತ್ರಕ್ಕೆ ಲಕ್ಷಗಳಲ್ಲಿ ಹಣ ತೆರಬೇಕು. ಈ ವರ್ಷದ ಅಡಿಕೆಯ ಹಣ ಅಷ್ಟು ದೂರ ಬರುವುದಿಲ್ಲ. ಅದಲ್ಲದೆ, ಫೈಬರಿನದಾದರೂ ಅಂಗಿ ಎಂದ ಮೇಲೆ ಒಗೆಯಲೇಬೇಕಲ್ಲ.

ಹಗಲಿಡೀ ಓಡಾಡುವ, ಹೃದಯದ ಲಯವನ್ನೇ ನೋಡಬೇಕಾದ ರೋಗಿಗೆ, ಅದರಲ್ಲೂ ಬಿಸಿಲಿರುವ ಊರಿನಲ್ಲಿ, ಅಂಗಿಯೇ ಸರಿಯಿರಬಹುದು. ನಮ್ಮಲ್ಲಿ ನೋಡಬೇಕಾದದ್ದು ರಾತ್ರಿಯ ಉಸಿರು; ಅಪ್ಪಯ್ಯ ಎಂಟಕ್ಕೆ ಮಲಗಿದರೆ ಐದಕ್ಕೆ ಏಳುವವರು. ಬಿರುಕು ಬಿಟ್ಟ ಅಂಗಿ ಈಗ ಟ್ರಂಕಿನಲ್ಲಿದೆ. ಮುಚ್ಚಳ ತೆಗೆದರೆ ಇನ್ನೂ ಹೊಗೆಯ ವಾಸನೆ ಬರುತ್ತದೆ.