ಹೊಟ್ಟೆಯ ಬೊಜ್ಜಿಗೆ ಸೂಜಿ ಮತ್ತು ನೂಲು: ದಾವಣಗೆರೆಯಲ್ಲಿ ಪಡೆದ ಚಿಕಿತ್ಸೆ

ಭಾರತೀಯ ಪುರುಷರ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಮೀರಬಾರದೆಂದು ವೈದ್ಯರು ಹೇಳುತ್ತಾರೆ. ನನ್ನದು 102 ತಲುಪಿದಾಗ ದಾವಣಗೆರೆಯ ಆಕ್ಯುಪಂಕ್ಚರ್ ಚಿಕಿತ್ಸಾಲಯವೊಂದರಲ್ಲಿ ನೂಲು ಹುದುಗಿಸುವ ಚಿಕಿತ್ಸೆ ಪಡೆದೆ. ಸಾಮಾನ್ಯ ಆಕ್ಯುಪಂಕ್ಚರ್‌ನಲ್ಲಿ ದೇಹದ ನಿರ್ದಿಷ್ಟ ಬಿಂದುಗಳಲ್ಲಿ ಚುಚ್ಚಿದ ಸೂಜಿಯನ್ನು ಸ್ವಲ್ಪ ಹೊತ್ತಿಗೆ ತೆಗೆದುಬಿಡುತ್ತಾರೆ. ಇಲ್ಲಿ ಟೊಳ್ಳು ಸೂಜಿಯ ಮೂಲಕ, ದೇಹದೊಳಗೆ ತಾನಾಗಿಯೇ ಕರಗುವ ನೂಲಿನ ಚಿಕ್ಕ ತುಂಡನ್ನು ಚರ್ಮದಡಿ ಬಿಟ್ಟು ಸೂಜಿಯನ್ನಷ್ಟೇ ಹೊರತೆಗೆಯುವುದರಿಂದ, ಆ ಬಿಂದುವಿಗೆ ದಿನಗಟ್ಟಲೆ ಪ್ರಚೋದನೆ ದೊರೆಯುತ್ತದೆಂಬುದು ಈ ಪದ್ಧತಿಯವರ ವಾದ. ಹಿಂದೆ ಕುರಿ, ದನಗಳ ಕರುಳಿನಿಂದ ತಯಾರಾದ ಕ್ಯಾಟ್‌ಗಟ್ ಬಳಸುತ್ತಿದ್ದರು (ನಮ್ಮ ತಾಯಿಯವರು ಮೊದಲು ವಿಚಾರಿಸಿದ್ದೂ ಇದನ್ನೇ). ನನಗೆ ಹಾಕಿದ್ದು ಶಸ್ತ್ರಚಿಕಿತ್ಸೆಯ ಹೊಲಿಗೆಗೂ ಬಳಸುವ ಪಾಲಿಡಯಾಕ್ಸನೋನ್ ಎಂಬ ಕೃತಕ ನೂಲು. ಅದು ಪೂರ್ತಿ ಕರಗಲು ಸುಮಾರು 6 ತಿಂಗಳು ಬೇಕು.

ಹೊಕ್ಕುಳಿನ ಎರಡೂ ಪಕ್ಕದ ತಿಯಾನ್‌ಶು ಮತ್ತು ಹೊಕ್ಕುಳಿನ ಮೇಲ್ಭಾಗದ ಝೋಂಗ್‌ವಾನ್ ಎಂಬ ಬಿಂದುಗಳಲ್ಲಿ ನೂಲು ಇಟ್ಟರು. ನೋವು ಇಂಜೆಕ್ಷನ್ನಿಗಿಂತ ತುಸು ಹೆಚ್ಚು. ಒಂದು ಕಡೆ ನೀಲಿಗಟ್ಟಿದ್ದು ವಾರದಲ್ಲಿ ಮಾಯವಾಯಿತು. ಸೂಜಿಯ ಪೊಟ್ಟಣವನ್ನು ನನ್ನೆದುರೇ ಒಡೆದದ್ದು ಮೆಚ್ಚುಗೆಯಾಯಿತು. ಆದರೆ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತೇನೆಯೇ, ಸಕ್ಕರೆ ಕಾಯಿಲೆಯಿದೆಯೇ ಎಂದು ಯಾರೂ ಕೇಳದಿದ್ದುದು ಸಣ್ಣ ಲೋಪವಲ್ಲ, ಏಕೆಂದರೆ ರಕ್ತಸ್ರಾವಕ್ಕೂ ಸೋಂಕಿಗೂ ಅವೇ ಕಾರಣವಾಗಬಲ್ಲವು.

ಮೂರು ತಿಂಗಳಲ್ಲಿ ಸುತ್ತಳತೆ 4 ಸೆಂಟಿಮೀಟರ್ ಇಳಿಯಿತು. ಆದರೆ ಅದೇ ಅವಧಿಯಲ್ಲಿ ನಾನು ಸಂಜೆಯ ಮಂಡಕ್ಕಿ ಮಿರ್ಚಿಯನ್ನೂ ಭಾನುವಾರದ ಬೆಣ್ಣೆ ದೋಸೆಯನ್ನೂ ಬಿಟ್ಟು, ಕುಂದವಾಡ ಕೆರೆಯ ಬಳಿ ಪ್ರತಿದಿನ ನಡೆಯುತ್ತಿದ್ದೆನಾದ್ದರಿಂದ, ಶ್ರೇಯಸ್ಸನ್ನೆಲ್ಲ ನೂಲಿಗೆ ಕೊಡಲು ಮನಸ್ಸು ಒಪ್ಪುವುದಿಲ್ಲ. ಎರಡನೆಯ ಸುತ್ತಿಗೆ ಕರೆದಿದ್ದಾರೆ. ನಾನು ಹೋಗಿಲ್ಲ, ನಡಿಗೆಯನ್ನು ಮಾತ್ರ ಮುಂದುವರಿಸಿದ್ದೇನೆ.