ಕನ್ನಡ ಓದುವ ಯಂತ್ರಧ್ವನಿಗಳು: ಎನ್‌ವಿಡಿಎ, ಜಾಸ್, ಟಾಕ್‌ಬ್ಯಾಕ್ ಬಳಸಿ ನೋಡಿದ ಮೇಲೆ

ನಾನು ಕಲಬುರಗಿಯ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆಯಿಂದಾಗಿ ಮೊದಲು ರಾತ್ರಿಯ ದೃಷ್ಟಿ ಹೋಯಿತು. ನಂತರ ಸುತ್ತಲಿನ ನೋಟ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂದು, ಈಗ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಉಳಿದಿದೆ. ಪಾಠ ಹೇಳುವುದಕ್ಕೆ ಇದರಿಂದ ದೊಡ್ಡ ತೊಡಕಾಗಲಿಲ್ಲ. ತೊಡಕಾದದ್ದು ಪ್ರಶ್ನೆಪತ್ರಿಕೆ ಟೈಪು ಮಾಡುವುದಕ್ಕೆ, ಸುತ್ತೋಲೆ ಓದುವುದಕ್ಕೆ, ವಿದ್ಯಾರ್ಥಿಗಳ ಬರಹ ತಿದ್ದುವುದಕ್ಕೆ. ಕಳೆದ ದೀಪಾವಳಿಯ ರಜೆಯಿಂದ ಈ ಬೇಸಿಗೆಯವರೆಗೆ ಇದೇ ಕೆಲಸಗಳಿಗಾಗಿ ಲ್ಯಾಪ್‌ಟಾಪಿನಲ್ಲಿ ತೆರೆಯ ಮೇಲಿನದನ್ನು ಓದಿ ಹೇಳುವ ಮೂರು ಸ್ಕ್ರೀನ್ ರೀಡರ್‌ಗಳನ್ನೂ ಫೋನಿನಲ್ಲಿ ಒಂದನ್ನೂ ಸರದಿಯ ಮೇಲೆ ಬಳಸಿದೆ. ಎಲ್ಲಕ್ಕೂ ಕೊಟ್ಟದ್ದು ಅವೇ ಮೂರು ಪಠ್ಯಗಳನ್ನು: ನಾನೇ ಬರೆದ ಒಂದು ಪುಟದ ಪತ್ರ, ಕನ್ನಡ ದಿನಪತ್ರಿಕೆಯೊಂದರ ಜಾಲತಾಣದ ಸುದ್ದಿ, ಕಾಗುಣಿತದ ತಪ್ಪುಗಳಿಂದ ತುಂಬಿದ ಒಬ್ಬ ವಿದ್ಯಾರ್ಥಿಯ ಪ್ರಬಂಧ. ಇಂಗ್ಲಿಷ್ ಓದುವವರಿಗೆ ಈ ತಂತ್ರಾಂಶಗಳ ಗುಣದೋಷ ತಿಳಿಸುವ ಬರಹಗಳು ಬೇಕಾದಷ್ಟಿವೆ. ಕನ್ನಡ ಓದಿಸುವವನ ಕಷ್ಟ ಬೇರೆಯದಾದ್ದರಿಂದ ಅದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಸ್ಕ್ರೀನ್ ರೀಡರ್‌ಗೆ ಬರುವ ಮೊದಲು ಎರಡು ವರ್ಷ ನಾನು ವಿಂಡೋಸ್‌ನ ಮ್ಯಾಗ್ನಿಫೈಯರ್ ಅನ್ನೇ ನಂಬಿಕೊಂಡಿದ್ದೆ. ವಿಂಡೋಸ್ ಕೀಲಿಯ ಜೊತೆ ಪ್ಲಸ್ ಒತ್ತಿದರೆ ತೆರೆಯ ಮೇಲಿನದೆಲ್ಲ ಹಿಗ್ಗುತ್ತದೆ. ಕಂಟ್ರೋಲ್, ಆಲ್ಟ್ ಮತ್ತು ಐ ಒತ್ತಿದರೆ ಬಣ್ಣಗಳು ತಿರುಗಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬರುತ್ತದೆ. ಕಣ್ಣಿನ ನಡುಭಾಗದ ನೋಟ ಮಸುಕಾದವರಿಗೆ ಇದರಿಂದ ಬಹಳ ಉಪಕಾರವಿದೆ. ನನ್ನಂತೆ ಸುತ್ತಲಿನ ನೋಟ ಹೋದವರಿಗೆ ಇದು ತಿರುಗುಬಾಣ, ಏಕೆಂದರೆ ಅಕ್ಷರ ದೊಡ್ಡದಾದಷ್ಟೂ ಕೊಳವೆಯೊಳಗೆ ಹಿಡಿಸುವ ಅಕ್ಷರಗಳ ಸಂಖ್ಯೆ ಕಡಿಮೆಯಾಗುತ್ತದೆ. ಕನ್ನಡದಲ್ಲಿ ಇನ್ನೊಂದು ಪೇಚು ಸೇರುತ್ತದೆ: ಒತ್ತಕ್ಷರವು ಮೂಲ ಅಕ್ಷರಕ್ಕಿಂತ ಸಣ್ಣದಾಗಿ ಕೆಳಗೆ ಕೂರುವುದರಿಂದ ಇಂಗ್ಲಿಷಿಗೆ ಸಾಕಾಗುವಷ್ಟು ಹಿಗ್ಗಿಸಿದರೆ ಸಾಲದು, ಒತ್ತು ಕಾಣುವಷ್ಟು ಹಿಗ್ಗಿಸಿದರೆ ಒಂದು ಉದ್ದನೆಯ ಪದವೂ ತೆರೆಯ ಮೇಲೆ ಪೂರ್ತಿ ನಿಲ್ಲುವುದಿಲ್ಲ.

ಕಿವಿಗೆ ಬದಲಾಯಿಸಿಕೊಳ್ಳಬೇಕೆಂದು ನಿರ್ಧರಿಸಿದಾಗ ಪರಿಚಿತರೆಲ್ಲ ಮೊದಲು ಹೇಳಿದ ಹೆಸರು ಜಾಸ್. ಅಪಘಾತದಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಟೆಡ್ ಹೆಂಟರ್ ಕಟ್ಟಿದ ಸಂಸ್ಥೆಯಿಂದ 1989ರಲ್ಲಿ ಡಾಸ್ ಕಾಲದ ಗಣಕಗಳಿಗಾಗಿ ಬಂದ ತಂತ್ರಾಂಶವಿದು. ಮೂರು ದಶಕ ದಾಟಿದ ಪಳಗಿಕೆ ಅದರ ನಡೆಯಲ್ಲಿ ಕಾಣುತ್ತದೆ. ಎಕ್ಸೆಲ್‌ನ ಅಂಕಪಟ್ಟಿಯಲ್ಲಿ ಸಾಲು ಮತ್ತು ಕಂಬದ ತಲೆಬರಹಗಳನ್ನು ಅದು ಹೇಳುವ ಅಚ್ಚುಕಟ್ಟುತನ ನನಗೆ ಬೇರೆಲ್ಲೂ ಅಷ್ಟು ಸಲೀಸಾಗಿ ಸಿಗಲಿಲ್ಲ. ಆದರೆ ಅದಕ್ಕೆ ಹಣ ಕೊಡಬೇಕು, ಹಣ ಕೊಡದೆ ಪರೀಕ್ಷಿಸುವವರಿಗೆ ಒಮ್ಮೆಗೆ 40 ನಿಮಿಷ ಮಾತ್ರ ಸಿಗುತ್ತದೆ, ಆಮೇಲೆ ಗಣಕವನ್ನು ಪುನಃ ಚಾಲೂ ಮಾಡಬೇಕು. ಅದಕ್ಕಿಂತ ದೊಡ್ಡ ಅಡ್ಡಿ ಧ್ವನಿಯದು. ಜಾಸ್ ಬಳಸುವವರು ಬಹುವಾಗಿ ಮೆಚ್ಚುವ ಎಲೋಕ್ವೆನ್ಸ್ ಎಂಬ ಧ್ವನಿಗೆ ಕನ್ನಡವೇ ಬರುವುದಿಲ್ಲ. ನನ್ನ ಪತ್ರವನ್ನು ಓದಿಸಿದಾಗ ದಿನಾಂಕ ಮತ್ತು ಪಿನ್‌ಕೋಡ್ ಅನ್ನು ಸ್ಪಷ್ಟವಾಗಿ ಹೇಳಿ, ನಡುವಿನ ಕನ್ನಡವನ್ನೆಲ್ಲ ನುಂಗಿತು.

ವಿಂಡೋಸ್ ಜೊತೆಗೇ ಬರುವ ನರೇಟರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕಂಟ್ರೋಲ್, ವಿಂಡೋಸ್ ಮತ್ತು ಎಂಟರ್ ಒತ್ತಿದೊಡನೆ ಏಳುತ್ತದೆ, ಹೊಸ ಗಣಕದಲ್ಲಿ ಬೇರೆ ಸ್ಕ್ರೀನ್ ರೀಡರ್ ಹಾಕಿಕೊಳ್ಳುವವರೆಗೆ ಊರುಗೋಲಾಗುತ್ತದೆ. ನನ್ನ ವಿಂಡೋಸ್‌ನ ಧ್ವನಿಗಳ ಪಟ್ಟಿಯಲ್ಲಿ ಹಿಂದಿ ಇತ್ತು, ತಮಿಳು ಇತ್ತು, ಕನ್ನಡ ಇರಲಿಲ್ಲ. ಅಲ್ಲಿಗೆ ಆ ಪರೀಕ್ಷೆ ಮುಗಿಯಿತು.

ಉಳಿದದ್ದು ಎನ್‌ವಿಡಿಎ. ಇದನ್ನೂ ದೃಷ್ಟಿಯಿಲ್ಲದ ಒಬ್ಬರು, ಆಸ್ಟ್ರೇಲಿಯಾದ ಮೈಕಲ್ ಕರನ್, 2006ರಲ್ಲಿ ಆರಂಭಿಸಿದರು. ಉಚಿತ, ಮುಕ್ತ ತಂತ್ರಾಂಶ. ಇದರೊಳಗೆ ಇ-ಸ್ಪೀಕ್ ಎಂಬ ಧ್ವನಿಯಂತ್ರ ಸೇರಿಕೊಂಡೇ ಬರುತ್ತದೆ, ಆ ಇ-ಸ್ಪೀಕ್‌ಗೆ ಕನ್ನಡ ಬರುತ್ತದೆ. ಮೊದಲ ದಿನ ಅದನ್ನು ಕೇಳಿದ ನನ್ನ ಮನೆಯವರು, ತಗಡಿನ ಡಬ್ಬಿಯೊಳಗೆ ಯಾರನ್ನೋ ಕೂಡಿಹಾಕಿದಂತಿದೆ ಎಂದು ನಕ್ಕರು. ಅವರ ಮಾತು ಸುಳ್ಳಲ್ಲ. ಇ-ಸ್ಪೀಕ್ ಯಾವ ಮನುಷ್ಯನ ದನಿಯನ್ನೂ ಮುದ್ರಿಸಿಕೊಂಡು ಜೋಡಿಸಿದ್ದಲ್ಲ. ಸ್ವರಗಳ ಅಲೆಗಳನ್ನು ಲೆಕ್ಕ ಹಾಕಿ ಅಲ್ಲಿಯೇ ಹುಟ್ಟಿಸುತ್ತದೆ. ಆದ್ದರಿಂದಲೇ ಅದು ಹಳೆಯ ಗಣಕದಲ್ಲೂ ತಡವರಿಸದೆ, ಕೀಲಿ ಒತ್ತಿದ ಕ್ಷಣಕ್ಕೆ ಉತ್ತರ ಕೊಡುತ್ತದೆ. ವೇಗವನ್ನು ಎಷ್ಟು ಏರಿಸಿದರೂ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ.

ಇದಕ್ಕೆ ಎದುರಾಗಿ ನಾನು ಇಟ್ಟುಕೊಂಡದ್ದು ಎಡ್ಜ್ ಬ್ರೌಸರಿನ ಓದಿ ಹೇಳುವ ಸೌಲಭ್ಯವನ್ನು. ಅದು ಸ್ಕ್ರೀನ್ ರೀಡರ್ ಅಲ್ಲ, ತೆರೆದ ಪುಟವನ್ನು ಓದುತ್ತದೆ ಅಷ್ಟೆ. ಕಂಟ್ರೋಲ್, ಶಿಫ್ಟ್ ಮತ್ತು ಯು ಒತ್ತಿದರೆ ಶುರುವಾಗುತ್ತದೆ. ಅದರ ಕನ್ನಡದ ಎರಡು ಧ್ವನಿಗಳಾದ ಸಪ್ನಾ ಮತ್ತು ಗಗನ್ ಕೇಳಿದವರಿಗೆ ಆಕಾಶವಾಣಿಯ ವಾರ್ತೆ ನೆನಪಾದರೆ ಆಶ್ಚರ್ಯವಿಲ್ಲ. ಪತ್ರಿಕೆಯ ಸುದ್ದಿಯ ಪರೀಕ್ಷೆಯಲ್ಲಿ ಇವುಗಳ ಮುಂದೆ ಇ-ಸ್ಪೀಕ್ ನಿಲ್ಲಲೇ ಇಲ್ಲ. ಪ್ರಶ್ನೆಯ ವಾಕ್ಯಕ್ಕೆ ಪ್ರಶ್ನೆಯ ಏರಿಳಿತ, ಅಲ್ಪವಿರಾಮಕ್ಕೆ ಉಸಿರು, ಎಲ್ಲವೂ ಹದವಾಗಿವೆ. ಆದರೆ ಈ ಧ್ವನಿಗಳು ಅಂತರಜಾಲದ ಆಚೆ ಕಡೆಯ ಗಣಕದಲ್ಲಿ ತಯಾರಾಗಿ ಬರುತ್ತವೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಮಧ್ಯಾಹ್ನ ಕರೆಂಟು ಹೋಗಿ, ಅದರ ಜೊತೆ ನೆಟ್ ಹೋದರೆ, ಸಪ್ನಾ ವಾಕ್ಯದ ನಡುವೆಯೇ ಮೌನಿಯಾಗುತ್ತಾಳೆ. ಬ್ಯಾಟರಿ ಇರುವವರೆಗೂ ಡಬ್ಬಿಯೊಳಗಿನ ದನಿ ಮಾತಾಡುತ್ತಲೇ ಇರುತ್ತದೆ. ಓದಿಸುವ ಪಠ್ಯ ಹೊರಗೆ ಹೋಗಿ ಬರುವುದರಿಂದ ಪ್ರಶ್ನೆಪತ್ರಿಕೆಯಂಥದ್ದನ್ನು ಅಲ್ಲಿ ಓದಿಸಲು ನನಗೆ ಧೈರ್ಯವೂ ಇಲ್ಲ.

ಇಷ್ಟಾದರೂ ಕೆಲವು ವಾರ ನನ್ನ ಒಲವು ಇಂಪಾದ ಧ್ವನಿಯ ಕಡೆಗೇ ಇತ್ತು. ಅದನ್ನು ಬದಲಾಯಿಸಿದವನು ಶಹಾಪುರದ ಕಡೆಯಿಂದ ಬಂದು ಇಲ್ಲಿ ಪದವಿ ಓದುತ್ತಿರುವ, ಹುಟ್ಟಿನಿಂದ ದೃಷ್ಟಿಯಿಲ್ಲದ ನನ್ನ ಹಳೆಯ ವಿದ್ಯಾರ್ಥಿ. ನಾನು ಗಗನ್ ಧ್ವನಿಯನ್ನು ಹೊಗಳುವುದನ್ನು ಪೂರ್ತಿ ಕೇಳಿಸಿಕೊಂಡು ಅವನು, “ಸರ್, ನಿಮಗ ದನಿ ಚಂದ ಇರಬೇಕು. ನನಗ ಪರೀಕ್ಷಾದಾಗ ಅಕ್ಷರ ತಪ್ಪಬಾರದು ನೋಡ್ರಿ. ಆ ಹುಡುಗನ ಪ್ರಬಂಧ ಎರಡರಾಗೂ ಓದಸ್ರಿ,” ಎಂದ. ಓದಿಸಿದೆ. ಆ ಪ್ರಬಂಧದಲ್ಲಿ ಹಳ್ಳಿ ಎನ್ನುವಲ್ಲಿ ಹಲ್ಲಿ ಎಂದಿತ್ತು, ಒಂದೆರಡು ಕಡೆ ಮಹಾಪ್ರಾಣ ಬಿಟ್ಟುಹೋಗಿತ್ತು. ಇಂಪಾದ ಧ್ವನಿ ವಾಕ್ಯವನ್ನು ಎಷ್ಟು ಸಲೀಸಾಗಿ ಹರಿಸಿಕೊಂಡು ಹೋಯಿತೆಂದರೆ ಅರ್ಥದ ಬೆನ್ನು ಹತ್ತಿದ ನನ್ನ ಕಿವಿ ತಪ್ಪಿನ ಮೇಲೆ ನಿಲ್ಲಲೇ ಇಲ್ಲ. ಎನ್‌ವಿಡಿಎಯಲ್ಲಿ ಬಾಣದ ಕೀಲಿಯಿಂದ ಒಂದೊಂದೇ ಅಕ್ಷರಕ್ಕೆ ಹೋದಾಗ ಹಲ್ಲಿ ಗೋಡೆಯ ಮೇಲೆ ಕೂತಂತೆ ಎದ್ದು ಕೇಳಿಸಿತು.

ಕನ್ನಡದಲ್ಲಿ ಅಕ್ಷರಕ್ಕೆ ಹೋಗುವುದು ಸುಮ್ಮನೆ ಮಾತಲ್ಲ. ಲಕ್ಷ್ಮಿ ಎಂಬ ಪದ ಕಣ್ಣಿಗೆ ಎರಡು ಅಕ್ಷರ. ಗಣಕವು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ಲ, ಕ, ವಿರಾಮ (ಸ್ವರ ತೆಗೆಯುವ ಚಿಹ್ನೆ), ಷ, ವಿರಾಮ, ಮ, ಗುಡಿಸು ಎಂದು ಏಳು ಸಂಕೇತಗಳು. ಬಲಬಾಣ ಒತ್ತಿದರೆ ಕರ್ಸರ್ ಕ್ಷ್ಮಿ ಎಂಬ ಗುಂಪನ್ನು ಒಂದೇ ನೆಗೆತಕ್ಕೆ ದಾಟುತ್ತದೆ, ಬ್ಯಾಕ್‌ಸ್ಪೇಸ್ ಒತ್ತಿದರೆ ಮಾತ್ರ ಗುಡಿಸು ಮೊದಲು, ಮ ಆಮೇಲೆ ಎಂದು ಒಂದೊಂದಾಗಿ ಅಳಿಯುತ್ತದೆ. ಅಳಿದದ್ದು ಏನೆಂದು ಆಗಲೇ ಹೇಳುವ ಸ್ಕ್ರೀನ್ ರೀಡರ್ ಇಲ್ಲದಿದ್ದರೆ ಒಂದು ಒತ್ತು ತಿದ್ದಲು ಹೋಗಿ ಪದವನ್ನೇ ಕೆಡಿಸಿಕೊಳ್ಳುತ್ತೇವೆ. ನನ್ನ ಮೊದಲ ತಿಂಗಳ ಬರಹಗಳೆಲ್ಲ ಹಾಗೆ ಕೆಟ್ಟವೇ. ಎನ್‌ವಿಡಿಎಯ ಇನ್ನೊಂದು ಉಪಕಾರ ಅದರ ಉಚ್ಚಾರಣೆಯ ನಿಘಂಟು: ಡಾ. ಎಂದಿದ್ದರೆ ಡಾಕ್ಟರ್ ಎಂದು ಓದು ಎಂದು ಅದರಲ್ಲಿ ಒಮ್ಮೆ ಬರೆದಿಟ್ಟರೆ ಮುಂದೆ ಹಾಗೆಯೇ ಓದುತ್ತದೆ. ಕಚೇರಿ ಪತ್ರಗಳ ಸಂಕ್ಷಿಪ್ತ ರೂಪಗಳಿಗೆ ಇದು ಬಹಳ ಬೇಕು.

ಫೋನಿನ ಟಾಕ್‌ಬ್ಯಾಕ್ ಈ ಎರಡು ತುದಿಗಳ ನಡುವೆ ನಿಲ್ಲುತ್ತದೆ. ಆಂಡ್ರಾಯ್ಡ್‌ನ ಗೂಗಲ್ ಧ್ವನಿಯಲ್ಲಿ ಕನ್ನಡವಿದೆ, ಅದನ್ನು ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಇ-ಸ್ಪೀಕ್‌ಗಿಂತ ಮನುಷ್ಯರ ದನಿಗೆ ಹತ್ತಿರವಾಗಿದೆ, ವೇಗ ಬಹಳ ಏರಿಸಿದರೆ ಪದಗಳ ಅಂಚು ಸವೆಯುತ್ತದೆ. ವಾಟ್ಸಾಪ್ ಸಂದೇಶ, ಬಸ್ಸಿನ ವೇಳೆ, ಬ್ಯಾಂಕಿನ ಒಟಿಪಿ ಇಷ್ಟಕ್ಕೆ ನನಗೆ ಇದೇ ಸಾಕು. ಉದ್ದನೆಯ ಬರಹ ತಿದ್ದಲು ಬೆರಳು ಜಾರಿಸಿ ಕರ್ಸರ್ ಹಿಡಿಯುವ ಸಾಹಸ ನನ್ನಿಂದ ಆಗಲಿಲ್ಲ, ಹುಡುಗರು ಮಾಡುತ್ತಾರೆ. ನೋಟು ಗುರುತಿಸಲು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ತಂದ ಮಣಿ ಎಂಬ ಆ್ಯಪ್ ಕೂಡ ನೆಟ್ ಬೇಡದೆ ಇದರ ಜೊತೆ ನಡೆಯುತ್ತದೆಯಾದರೂ, ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ತರಕಾರಿಯವರ ಮುಂದೆ ನಿಂತು ಫೋನು ತೆಗೆಯುವಷ್ಟರಲ್ಲಿ ಬೆರಳೇ ಕೆಲಸ ಮುಗಿಸಿರುತ್ತದೆ: 100ರ ನೋಟಿನ ಅಂಚಿನಲ್ಲಿ ನಾಲ್ಕು ಉಬ್ಬುಗೆರೆ, 500ರದರಲ್ಲಿ ಐದು.

ಈ ಎಲ್ಲ ಧ್ವನಿಗಳೂ ಒಂದೇ ಕಡೆ ಸಮನಾಗಿ ಸೋತವು, ಅದು ನನ್ನ ಮೇಜಿಗೆ ಅತಿ ಹೆಚ್ಚು ಬರುವ ಕಡತವಾದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಸುತ್ತಲಿನ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪು ಮಾಡುವ ರೂಢಿ ಇದೆ. ಈ ಫಾಂಟಿನಲ್ಲಿ ಕಣ್ಣಿಗೆ ಕರ್ನಾಟಕ ಎಂದು ಕಾಣುವ ಪದದ ಒಳಗೆ ನಿಜವಾಗಿ ಇರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಎಲ್ ಇತ್ಯಾದಿ ಎಂಟು ಚಿಹ್ನೆಗಳು. ಫಾಂಟು ಅವುಗಳ ಮೇಲೆ ಕನ್ನಡದ ವೇಷ ಹಾಕಿರುತ್ತದೆ. ಕಣ್ಣು ವೇಷ ನೋಡುತ್ತದೆ, ಸ್ಕ್ರೀನ್ ರೀಡರ್ ಒಳಗಿನದನ್ನು ಓದುತ್ತದೆ. ಕಳೆದ ವರ್ಷ ಒಂದು ಕಚೇರಿಯಿಂದ ಮೌಲ್ಯಮಾಪನ ಕೆಲಸದ ಬಗ್ಗೆ ಬಂದ ಆದೇಶವನ್ನು ಎನ್‌ವಿಡಿಎಯಲ್ಲಿ ತೆರೆದಾಗ ಎರಡು ಪುಟ ತುಂಬ ಅರ್ಥವಿಲ್ಲದ ಇಂಗ್ಲಿಷ್ ಗೊಣಗಾಟ, ನಡುನಡುವೆ ಪೌಂಡ್, ಪೌಂಡ್. ಫೋನು ಮಾಡಿ ಕೇಳಿದರೆ ಅಲ್ಲಿದ್ದವರು ಬಹಳ ವಿನಯದಿಂದ, “ಸರ್, ನಮ್ಮಲ್ಲಿ ಸರಿಯಾಗೇ ಕಾಣಸ್ತದ್ರಿ,” ಎಂದರು. ಅವರ ತಪ್ಪೂ ಅಲ್ಲ. ಅವರಿಗೆ ಸರಿಯಾಗಿಯೇ ಕಾಣುತ್ತದೆ.

ಇದಕ್ಕೆ ಎರಡು ದಾರಿಗಳನ್ನು ಹೋಲಿಸಿ ನೋಡಿದೆ. ಆಸ್ಕಿಯನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿಗೆ ಪಠ್ಯವನ್ನು ಹಾಕುವುದು ಒಂದು. ವರ್ಡ್ ಕಡತವಾದರೆ ಇದು ಕ್ಷಣದ ಕೆಲಸ. ಆದರೆ ಹಳೆಯ ಫಾಂಟುಗಳಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಇಡುತ್ತಾರೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು, ಆದ್ದರಿಂದ ಒಳ್ಳೆಯ ಪರಿವರ್ತಕವಲ್ಲದಿದ್ದರೆ ಅರ್ಕಾವತ್ತಿನ ಪದಗಳೆಲ್ಲ ಸ್ಥಾನಪಲ್ಲಟವಾಗುತ್ತವೆ. ಕಡತದೊಳಗೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ಚೂರುಗಳಾಗಿ ಒಡೆಯುವುದುಂಟು. ಎರಡನೆಯ ದಾರಿ, ಕಡತವನ್ನು ಚಿತ್ರವಾಗಿ ಮಾಡಿ ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯುವುದು. ಆಗ ಅದು ಒಳಗಿನ ಚಿಹ್ನೆಗಳನ್ನು ಬಿಟ್ಟು ಅಕ್ಷರದ ಆಕಾರವನ್ನೇ ನೋಡಿ ಓದುತ್ತದೆ, ಅಂದರೆ ನಮ್ಮ ಬದಲು ವೇಷವನ್ನು ಅದು ನೋಡುತ್ತದೆ. ಸಹಿ ಮಾಡಿ ಸ್ಕ್ಯಾನ್ ಮಾಡಿದ ಆದೇಶಗಳಿಗೂ ಇದೇ ಗತಿ, ಏಕೆಂದರೆ ಎನ್‌ವಿಡಿಎಯಲ್ಲಿ ಬಳಸುವ ವಿಂಡೋಸ್‌ನ ಅಕ್ಷರ ಗುರುತಿಸುವ ಸೌಲಭ್ಯಕ್ಕೆ ಕನ್ನಡ ಬರುವುದಿಲ್ಲ. ಕೋಷ್ಟಕಗಳು ಮಾತ್ರ ಚೆಲ್ಲಾಪಿಲ್ಲಿಯಾಗುತ್ತವೆ. ವೇಳಾಪಟ್ಟಿಯಂಥದ್ದನ್ನು ಈಗಲೂ ಯಾರಾದರೂ ಓದಿ ಹೇಳಬೇಕು. ನುಡಿಯ ಹೊಸ ಆವೃತ್ತಿಯಲ್ಲೇ ಯೂನಿಕೋಡ್ ಇದೆ, ಟೈಪು ಮಾಡುವವರು ಬೆರಳಿನ ಅಭ್ಯಾಸ ಬಿಡದೆಯೇ ಅದಕ್ಕೆ ಬದಲಾಗಬಹುದು ಎಂಬುದನ್ನು ನಾನು ನಮ್ಮ ಕಾಲೇಜಿನ ಗುಮಾಸ್ತರಿಗೆ ತೋರಿಸಿಕೊಟ್ಟೆ. ಈಗ ಕಾಲೇಜಿನೊಳಗಿನ ನೋಟಿಸುಗಳನ್ನು ಇ-ಸ್ಪೀಕ್ ಮೊದಲ ಸಲಕ್ಕೇ ಓದುತ್ತದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಈಗ ಎನ್‌ವಿಡಿಎ ಸದಾ ಚಾಲೂ ಇರುತ್ತದೆ. ಭಾನುವಾರದ ಪುರವಣಿಗಳ ಹೊತ್ತಿಗೆ ಅದನ್ನು ಸುಮ್ಮನಿರಿಸಿ ಸಪ್ನಾಳಿಗೆ ಕೊಡುತ್ತೇನೆ. ಜಾಸ್ ತೆಗೆದುಹಾಕಿದೆ, ಅಂಕಪಟ್ಟಿ ತುಂಬುವ ದಿನಗಳಲ್ಲಿ ಅದನ್ನು ನೆನೆಯುತ್ತೇನೆ. ಎನ್‌ವಿಡಿಎಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಯಾವ ಗಣಕದಲ್ಲಾದರೂ ಇನ್‌ಸ್ಟಾಲ್ ಮಾಡದೆ ಓಡಿಸಬಹುದು ಎಂದು ತೋರಿಸಿದವನೂ ಆ ಶಹಾಪುರದ ಹುಡುಗನೇ. ಕನ್ನಡ ಧ್ವನಿ, ವೇಗ, ಉಚ್ಚಾರಣೆಯ ನಿಘಂಟು ಎಲ್ಲವೂ ಅದರಲ್ಲೇ ಉಳಿಯುತ್ತವೆ. ಹೋದ ತಿಂಗಳು ಅವನ ಕಾಲೇಜಿನ ಪ್ರಯೋಗಾಲಯದ ಗಣಕಕ್ಕೆ ಅದನ್ನು ಸಿಕ್ಕಿಸಿದಾಗ ಎಲ್ಲ ಸರಿಯಾಗಿತ್ತು, ಸದ್ದು ಮಾತ್ರ ಬರಲಿಲ್ಲ. ಆ ಗಣಕಗಳಿಗೆ ಸ್ಪೀಕರನ್ನೇ ಜೋಡಿಸಿರಲಿಲ್ಲ. ಅಂದಿನಿಂದ ನಾವಿಬ್ಬರೂ ಪೆನ್‌ಡ್ರೈವ್ ಜೊತೆ ವೈರಿನ ಇಯರ್‌ಫೋನನ್ನೂ ಒಂದೇ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದೇವೆ.