ರಾಮ್ ಕುಮಾರ್ ಅವರ ಕಾಶಿ ಚಿತ್ರದ ಪ್ರಿಂಟ್: ತಗೋಬಹುದಾ?

ಚಿತ್ರಕಲಾವಿದ ರಾಮ್ ಕುಮಾರ್ ಬಿಡಿಸಿದ ಕಾಶಿ ಚಿತ್ರಗಳಲ್ಲಿ ಒಂದರ ದೊಡ್ಡ ಪ್ರಿಂಟ್ ಆನ್‌ಲೈನ್‌ನಲ್ಲಿ ತರಿಸಿದ್ದೆ. ತಗೋಬೇಕು ಅಂತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಬಣ್ಣ ಚೆನ್ನಾಗಿ ಬಂದಿದೆ, ಬಣ್ಣದ ದಪ್ಪ ಬಂದಿಲ್ಲ. ಇವರ ಚಿತ್ರದ ಮಟ್ಟಿಗೆ ಅದು ಸಣ್ಣ ವಿಷಯ ಅಲ್ಲ.

ಯಾಕಂದ್ರೆ ರಾಮ್ ಕುಮಾರ್ ಪ್ಯಾಲೆಟ್ ನೈಫ್ (ಬಣ್ಣ ಹಚ್ಚುವ ಚಪ್ಪಟೆ ಚಾಕು) ಹಿಡಿದು ಬಣ್ಣ ಎಳೆದವರು, ಒಂದರ ಮೇಲೊಂದು ಪದರ ಕೂರಿಸಿದವರು. 1924ರಲ್ಲಿ ಶಿಮ್ಲಾದಲ್ಲಿ ಹುಟ್ಟಿದರು, ಪ್ಯಾರಿಸ್‌ನಲ್ಲಿ ಕಲಿತರು, ಹಿಂದಿಯಲ್ಲಿ ಕಥೆಗಳನ್ನೂ ಬರೆದರು. ಲೇಖಕ ನಿರ್ಮಲ್ ವರ್ಮಾ ಇವರ ತಮ್ಮ. ಮೊದಮೊದಲು ಬಿಡಿಸುತ್ತಿದ್ದದ್ದು ನಗರದಲ್ಲಿ ಸೋತು ನಿಂತ ಮನುಷ್ಯರನ್ನು. 1960ರ ಸುಮಾರಿಗೆ ಎಂ. ಎಫ್. ಹುಸೇನ್ ಜೊತೆ ಕಾಶಿಗೆ ಹೋಗಿ ಬಂದ ಮೇಲೆ ಆ ಮನುಷ್ಯರು ಚಿತ್ರದಿಂದ ಹೊರಟೇ ಹೋದರು. ಉಳಿದದ್ದು ನದಿ ದಡದ ಘಾಟ್‌ಗಳು, ಒಂದಕ್ಕೊಂದು ಆತುಕೊಂಡ ಮನೆಗಳು, ನದಿ, ಆಮೇಲೆ ಅವೂ ಕರಗುತ್ತಾ ಹೋಗಿ ಬರೀ ಬೂದು, ಕಂದು ಬಣ್ಣದ ತುಂಡುಗಳಾದವು. ಎಷ್ಟೋ ವರ್ಷದ ಹಿಂದೆ ನೋಡಿದ ಊರು ನಮ್ಮ ತಲೆಯಲ್ಲೂ ಹಾಗೇ ಇರುತ್ತದೆ ಅಲ್ವಾ? ಬೀದಿ ಯಾವುದು ಅಂತ ಮರೆತಿರುತ್ತದೆ, ಅಲ್ಲಿನ ಬೆಳಕು ಮಾತ್ರ ಉಳಿದಿರುತ್ತದೆ. ಅದಕ್ಕೇ ಇವರು ನನಗೆ ಇಷ್ಟ.

ಈಗ ಪ್ರಿಂಟ್ ವಿಷಯ. ಹತ್ತಿಯ ಕಾಗದ, ಹೊಳಪಿಲ್ಲದ್ದು, ಪಿಗ್ಮೆಂಟ್ ಇಂಕು. ಬೂದು ಬಣ್ಣಗಳು ತುಂಬಾ ಚೆನ್ನಾಗಿವೆ, ತೀರಾ ಗಾಢವಾದ ಕಂದುಗಳು ಮಾತ್ರ ಸ್ವಲ್ಪ ಕಲಸಿಕೊಂಡಿವೆ. ಆದರೆ ಹತ್ತಿರ ಹೋದರೆ ಇನ್ನೊಂದು ಕಾಣುತ್ತದೆ. ನೈಫ್ ಬಿಟ್ಟ ಏಣುಗಳ ನೆರಳೂ ಫೋಟೊದಲ್ಲಿ ಸೇರಿಕೊಂಡು ಅಚ್ಚಾಗಿದೆ. ನನ್ನ ಕಿಟಕಿ ಬಲಕ್ಕಿದೆ, ಚಿತ್ರದೊಳಗಿನ ಬೆಳಕು ಯಾವಾಗಲೂ ಎಡದಿಂದಲೇ ಬರುತ್ತದೆ. ಮೂಲ ಚಿತ್ರದ ಮುಂದೆ ನಿಂತರೆ ನಾವು ಸರಿದ ಹಾಗೆ ಮೇಲ್ಮೈ ಕೂಡ ಬದಲಾಗುತ್ತದೆ, ಇಲ್ಲಿ ಅದು ಅಲ್ಲೇ ನಿಂತುಬಿಟ್ಟಿದೆ.

ನಿಜವಾಗಿ ಬೇಜಾರಾದದ್ದು ಅಂಚಿನ ಬಗ್ಗೆ. ಫ್ರೇಮಿನ ಅಳತೆಗೆ ಕೂರಲಿ ಅಂತ ಪ್ರಿಂಟ್ ಮಾರಿದವರು ಎಡಗಡೆ ಒಂದು ಬೆರಳಷ್ಟು ಕತ್ತರಿಸಿದ್ದಾರೆ. ಕೇಳಿದರೆ, ಅಬ್‌ಸ್ಟ್ರ್ಯಾಕ್ಟ್ ತಾನೇ, ಗೊತ್ತಾಗಲ್ಲ ಬಿಡಿ ಅಂದರು. ಗೊತ್ತಾಗುತ್ತದೆ! ಗುರುತು ಹಿಡಿಯಲು ಮುಖ ಇಲ್ಲ, ಮರ ಇಲ್ಲ, ಹಾಗಿದ್ದಾಗ ಯಾವ ಆಕಾರ ಎಲ್ಲಿ ನಿಲ್ಲುತ್ತದೆ ಅನ್ನುವುದೇ ಚಿತ್ರ. ಅಂಚಿಗೆ ಬರುವ ಮೊದಲೇ ಮುಗಿಯಬೇಕಿದ್ದ ಒಂದು ಬಿಳಿ ತುಂಡು ಈಗ ಆಚೆಗೂ ಹರಿದುಹೋದ ಹಾಗೆ ಕಾಣುತ್ತದೆ.

ಫ್ರೇಮ್ ಅವರಿಂದ ತಗೋಬೇಡಿ. ಗಾಜು ನೇರವಾಗಿ ಕಾಗದಕ್ಕೆ ಅಂಟಿಕೊಂಡಿತ್ತು, ತೇವ ಸೇರಿದರೆ ಕಾಗದ ಹಾಳಾಗುತ್ತದೆ. ನಾನು ಬಿಚ್ಚಿಸಿ ಗಾಜಿಗೂ ಕಾಗದಕ್ಕೂ ಮಧ್ಯೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್ (ಸುತ್ತ ಕೂರಿಸುವ ದಪ್ಪ ರಟ್ಟು) ಹಾಕಿಸಿದೆ. ಖರ್ಚು ಜಾಸ್ತಿಯಾಯಿತು, ಆದರೂ ಮಾಡಿಸಿ.

ಬರೀ ಪ್ರಿಂಟ್ ಆದರೆ ತಗೋಬಹುದು. ದೊಡ್ಡ ಸೈಜ್ ತಗೊಳ್ಳಿ, ಆರ್ಡರ್ ಮಾಡುವ ಮೊದಲು ಚಿತ್ರ ಪೂರ್ತಿ ಬರುತ್ತದಾ, ಸುತ್ತ ಬಿಳಿ ಅಂಚು ಬಿಡುತ್ತಾರಾ ಅಂತ ಕೇಳಿ ಬರವಣಿಗೆಯಲ್ಲೇ ಉತ್ತರ ತರಿಸಿಕೊಳ್ಳಿ.